ಹಾಸಿಗೆಯ ಕೆಳಗಿನ ಗುದ್ದಲಿ

ಅಕ್ಟೋಬರ್ ೧೪, ಮಂಗಳವಾರ.

ನಾವು ಸಾಕಿದ ಮುಂಗುಸಿ ಇನ್ನೂ ಇಲಿಯ ಬಿಲದಿಂದ ಹೊರಗೆ ಬಂದಿಲ್ಲ. ಬರದಿದ್ದರೆ ಹೋಗಲಿ. ನನ್ನ ಮಗ ಗೋಪಣ್ಣ ನಾಳೆ ಮತ್ತೆ ಅದನ್ನು ಅಗೆದು ತೆಗೆಯುತ್ತೇನೆಂದು ಕುಳಿತಿದ್ದಾನೆ, ನನಗೆ ಅದರ ಹೆದರಿಕೆ.

ಶೇಂಗಾ ತಿನ್ನುವ ಇಲಿಗಳನ್ನು ಓಡಿಸಲು ಮುಂಗುಸಿಯನ್ನು ಅರೆಹೊಟ್ಟೆಯಲ್ಲೇ ಬಿಲಕ್ಕೆ ಬಿಡಬೇಕು. ಹೊಟ್ಟೆ ತುಂಬಿದ್ದರೆ ಒಳಗೇ ಮಲಗಿಬಿಡುತ್ತದೆ. ಮೊಮ್ಮಗಳು ವಿದ್ಯಾಶ್ರೀ ಮುದ್ದು ಮಾಡಿ ಎರಡು ಮೊಟ್ಟೆ ತಿನ್ನಿಸಿದ್ದಾಳೆ. ಅಪ್ಪನಿಗೆ ಒಂದು ಲೋಟ ಚಹಾ ಕೊಡದ ಹುಡುಗಿ.

ಸಂಜೆ ಗೋಪಣ್ಣ ಬಿಲವಿರುವ ಹಳ್ಳದ ದಂಡೆಯನ್ನು ಅಗೆದು, ಆ ತೂತಿನಲ್ಲಿ ಸೊಂಟದವರೆಗೆ ಹೊಕ್ಕ. ಸಪ್ಪಳವೇ ಇಲ್ಲದೆ ಉಸುಕು ಜಾರಿ ಬಿತ್ತು. ಕಾಲುಗಳು ಮಾತ್ರ ಹೊರಗೆ ಉಳಿದವು. ನಾನೂ ಸೊಸೆಯೂ ಹಿಡಿದು ಎಳೆದೆವು. ಉಸುಕು ಉಗುಳಿ ನಕ್ಕ.

“ಏನೂ ಆಗಿಲ್ಲ ಬಿಡಬೇ ಯವ್ವಾ.”

“ನಿನಗ ಆಗಿಲ್ಲಲೇ, ನನ್ನ ಜೀವಾ ಹೋಗಿ ಬಂತು. ಮುಂಗಲಿ ಸಲುವಾಗಿ ಸಾಯಾಂವ ಊರಾಗ ನೀ ಒಬ್ಬನ. ಹಸದ್ರ ಅದು ತಾನ ಹೊರಗ ಬರತೈತಿ.”

“ಅಷ್ಟರಾಗ ನರಿ ಹಿಡದ್ರ? ಮುಂಜಾನೆ ಇನ್ನಷ್ಟು ಅಗದ್ರ ಸಿಗತೈತಿ.”

ಅವನ ಕಾಲು ನನ್ನ ಕೈಯಲ್ಲಿ ಒದ್ದಾಡುತ್ತಿತ್ತು. ಆಮೇಲೆ ಒಂದು ಗಳಿಗೆ ಒದ್ದಾಡಲಿಲ್ಲ. ಆ ಗಳಿಗೆ ಇನ್ನೂ ನನ್ನ ಬೆರಳುಗಳಲ್ಲೇ ಇದೆ.

ಗುದ್ದಲಿಯನ್ನು ತಂದು ನನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ. ಬೆನ್ನಿಗೆ ಒತ್ತುತ್ತದೆ, ಒತ್ತಲಿ. ಗುದ್ದಲಿ ಸಿಗದಿದ್ದರೆ ಅವನು ಮನೆಯಲ್ಲೇ ಇರುತ್ತಾನೆ ಅಂದುಕೊಂಡೆ.

ಆದರೆ ಅಲ್ಲಿರುವುದು ಉಸುಕು. ಅದಕ್ಕೆ ಗುದ್ದಲಿ ಯಾಕೆ ಬೇಕು, ಬರಿಗೈ ಸಾಕು.