ಕಿಟಕಿಯ ಪಕ್ಕದ ಆಸನ ನಿನ್ನ ಅಪ್ಪನಿಗೆ

ಒಡಿಯೊಂಗಾನ್,
೧೪ ಫೆಬ್ರುವರಿ ೨೦೧೭, ಮಂಗಳವಾರ

ನನ್ನ ಮುದ್ದಿನ ಅನ್ಸೆಲ್ಮೊ,

ಕಳೆದ ತಿಂಗಳು ಮರುಕಳಿಸಿದ ಮಲೇರಿಯಾ ಪೂರ್ತಿಯಾಗಿ ಬಿಟ್ಟಿತೇ? ನಿಮ್ಮ ಜಾಂಬೊವಾಂಗದ ಶಿಬಿರದಲ್ಲಿ ಒಳ್ಳೆಯ ಸೊಳ್ಳೆಪರದೆ ಇದೆಯೆಂದು ನೀನು ಹೇಳುವುದನ್ನು ನಾನು ನಂಬುವುದಿಲ್ಲ. ಇದರೊಂದಿಗೆ ಒಂದನ್ನು ಕಳುಹಿಸುತ್ತಿದ್ದೇನೆ. ನನ್ನ ಮೊಣಕಾಲಿನ ನೋವು ಎಂದಿನಂತೆಯೇ ಇದೆ, ಆದರೆ ಈ ವಾರ ಅದರ ದೂರನ್ನು ಆಲಿಸಲು ನನಗೆ ಪುರುಸೊತ್ತು ಸಿಗಲಿಲ್ಲ.

ನಿನ್ನ ಅಪ್ಪ ಮನೆಗೆ ಬಂದರು, ಮಗನೇ.

ಕಳೆದ ನವೆಂಬರಿನಲ್ಲಿ, ನಮ್ಮನ್ನಾಳಿ ಎಂದೋ ಸತ್ತಿದ್ದ ಆ ಸರ್ವಾಧಿಕಾರಿಯನ್ನು ಯಾರಿಗೂ ಸುಳಿವು ಕೊಡದೆ ಮನಿಲಾದ ವೀರರ ಸ್ಮಶಾನದಲ್ಲಿ, ತೋಪು ಹಾರಿಸಿ ಹೂಳಿದ ದಿನವೇ ನಾನು ನಿಶ್ಚಯಿಸಿದ್ದೆ: ಅಲ್ಲೇ ಮಲಗಿರುವ ನಿನ್ನ ಅಪ್ಪ ಇನ್ನು ಆ ಮಣ್ಣಿನಲ್ಲಿ ಇರಕೂಡದು. ಎಪ್ಪತ್ತನಾಲ್ಕರಲ್ಲಿ ಬಂಧಿತ ವಿದ್ಯಾರ್ಥಿಗಳನ್ನು ಸಾಗಿಸುತ್ತಿದ್ದ ಸೇನೆಯ ಲಾರಿಯನ್ನು, ಎಂಜಿನ್ ಕಾದಿದೆಯೆಂಬ ನೆಪ ಹೂಡಿ, ಅವರಲ್ಲೊಬ್ಬನ ಮನೆಯೆದುರು ನಿಲ್ಲಿಸಿದವರು ಅವರು. ಆ ಹುಡುಗನ ತಾಯಿ ಮಗನ ಮುಖವನ್ನು ನೋಡಿದ್ದು ಕಾಲು ಗಂಟೆ. ಅದಕ್ಕಾಗಿ ನಿನ್ನ ಅಪ್ಪ ಸಾರ್ಜೆಂಟ್ ಪಟ್ಟಿಗಳನ್ನು ಕಳೆದುಕೊಂಡದ್ದು ಹನ್ನೆರಡು ವರ್ಷ. ಅಂಗಿಯ ತೋಳಿನಲ್ಲಿ ಪಟ್ಟಿ ಬಿಚ್ಚಿದ ಜಾಗವೊಂದೇ ಹೊಸ ಬಟ್ಟೆಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಾಡಿಸುತ್ತ “ಅಪ್ಪಾ, ಇಲ್ಲೇನಿತ್ತು?” ಎಂದು ನೀನು ಕೇಳುತ್ತಿದ್ದುದು ನನಗೆ ನೆನಪಿದೆ. ಆ ಸರ್ವಾಧಿಕಾರಿ ವಿಮಾನ ಹತ್ತಿ ಓಡಿದ ಮೇಲೆಯೇ ಪಟ್ಟಿಗಳು ಮರಳಿದವು.

ಅಸ್ಥಿಯನ್ನು ತೆಗೆಯಲು ಮಕ್ಕಳೆಲ್ಲರ ಸಹಿ ಬೇಕೆಂದರು. ನಿನ್ನ ಅಕ್ಕಂದಿರು ಒಂದೇ ದಿನದಲ್ಲಿ ಹಾಕಿದರು. ನೀನು ಫೋನಿನಲ್ಲಿ, “ಅಮ್ಮಾ, ನನ್ನ ಹೆಸರು ಬಡ್ತಿ ಪಟ್ಟೀಲಿದೆ. ಈಗ್ಲೇ ಇದೆಲ್ಲ ಬೇಕಾ?” ಎಂದೆ. ನಾನು ಫೋನ್ ಇಟ್ಟುಬಿಟ್ಟೆ. ಏಳು ವಾರಗಳ ಬಳಿಕ ನಿನ್ನ ಸಹಿಯಿದ್ದ ಕಾಗದ ಬಂತು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಆದ್ದರಿಂದಲೇ ಎಲ್ಲವನ್ನೂ ನಾನೇ ಬರೆಯುತ್ತಿದ್ದೇನೆ.

ಮಣ್ಣು ಅಗೆಯುವವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಅಜ್ಜೀ, ಇಲ್ಲಿ ಜಾಗ ಸಿಕ್ಕಿದ್ರೆ ಸಾಕು ಅಂತ ಜನ ಕಾಯ್ತಾರೆ. ನೀವು ನೋಡಿದ್ರೆ ಖಾಲಿ ಮಾಡ್ತಿದೀರಲ್ಲ?” ಎಂದ. “ಏನ್ ಮಾಡೋದಪ್ಪ, ನೆರೆಹೊರೆ ಕೆಟ್ಟೋಯ್ತು” ಎಂದೆ. ಅವನು ಮೊದಲು ಅತ್ತಿತ್ತ ನೋಡಿದ. ಆಮೇಲೆ ಸಲಿಕೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾವು ಹೊರಡುವಾಗ ಹಿಂದಿರುಗಿ ನೋಡಿದೆ. ಸಾಲುಸಾಲಾದ ಬಿಳಿಯ ಶಿಲುಬೆಗಳ ನಡುವೆ ಒಂದು ಹಲ್ಲು ಬಿದ್ದಂತಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ!

ಹಡಗಿನಲ್ಲಿ ಅವರಿಗೂ ಒಂದು ಟಿಕೆಟ್ ಕೊಂಡಿದ್ದೆ, ಕಿಟಕಿಯ ಪಕ್ಕದ್ದು; ಅವರಿಗೆ ಸಮುದ್ರ ಕಾಣದಿದ್ದರೆ ವಾಕರಿಕೆ ಬರುತ್ತಿತ್ತಲ್ಲ. ಹಡಗಿನ ನೌಕರ ಆಸನದ ಮೇಲಿದ್ದ ಅಸ್ಥಿಯ ಪೆಟ್ಟಿಗೆಯನ್ನು ಕೆಳಗಿಡಲು ಹೇಳಿದ. “ಅದ್ರಲ್ಲಿ ನಮ್ಮ ಯಜಮಾನ್ರಿದಾರೆ” ಎಂದೆ. ಪಾಪ, ಶಿಲುಬೆಯ ಗುರುತು ಮಾಡಿಕೊಂಡು ಓಡಿದವನು ಒಡಿಯೊಂಗಾನ್ ತಲುಪುವವರೆಗೂ ನಮ್ಮ ಸಾಲಿಗೆ ಬರಲಿಲ್ಲ.

ನಿನ್ನ ಚಿಕ್ಕಪ್ಪ ಗೌದೆನ್ಸಿಯೊನ ಸಂಗತಿ ನಿನಗೆ ಗೊತ್ತೇ ಇದೆ. ಆ ಸರ್ವಾಧಿಕಾರಿಯ ಚಿತ್ರ ಇಂದಿಗೂ ಅವನ ಗೋಡೆಯ ಮೇಲಿದೆ. “ಅತ್ತಿಗೆ, ಅಣ್ಣನ ಮರ್ಯಾದೆ ಕಿತ್ತು ಮೂಟೆ ಕಟ್ಕೊಂಡು ಬರ್ತೀರಿ. ನಾನಂತೂ ಬಂದರಿಗೆ ಕಾಲಿಡಲ್ಲ” ಎಂದಿದ್ದ. ಹಡಗು ದಡಕ್ಕೆ ಸಮೀಪಿಸಿದಾಗ ಮೊದಲು ಕೇಳಿಸಿದ್ದು ಊರಿನ ವಾದ್ಯಮೇಳ. ಮೊದಲು ಕಾಣಿಸಿದ್ದು ಮುಂದಿನ ಸಾಲಿನಲ್ಲಿ ಕೆನ್ನೆಯುಬ್ಬಿಸಿ ಟ್ರಾಂಬೋನ್ ಊದುತ್ತಿದ್ದ ಅವನ ಬೋಳು ತಲೆ! ನಾನು ಹತ್ತಿರ ಹೋದೊಡನೆ, “ಅವ್ರ ಫೋಟೋ ಮಾತ್ರ ಇಳಿಸಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ” ಎಂದು ಗದರಿ, ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಇಗರ್ಜಿಯವರೆಗೆ ಬೇರೆ ಯಾರಿಗೂ ಕೊಡಲಿಲ್ಲ. ಮೀನು ಮಾರುವವರು, ಶಾಲೆಯ ಮಕ್ಕಳು, ನಾನು ಪಾಠ ಹೇಳಿದ್ದ ಮುದುಕರು, ಎಲ್ಲರೂ ಹಿಂದೆಯೇ ನಡೆದರು. ತೋಪು ಹಾರಲಿಲ್ಲ, ಮೂರು ಚಕ್ರದ ಗಾಡಿಯವರು ಸಾಲಾಗಿ ನಿಂತು ಒಟ್ಟಿಗೆ ಹಾರ್ನ್ ಒತ್ತಿದರು. ಅಂಥ ಗೌರವವನ್ನು ಯಾವ ಸರಕಾರ ಕೊಟ್ಟೀತು?

ಈಗ ನಿನ್ನ ಅಪ್ಪ ತಮ್ಮ ತಾಯಿಯ ಪಕ್ಕದಲ್ಲಿದ್ದಾರೆ. ಮಂಡಿಯೂರಿದ ನಿನ್ನ ತಲೆಯ ಮೇಲೆ ನನ್ನ ಎರಡೂ ಕೈಗಳಿವೆಯೆಂದು ತಿಳಿ. ದೇವರು ನಿನ್ನನ್ನೂ ನಿನ್ನ ಕೈಕೆಳಗಿನ ಹುಡುಗರನ್ನೂ ಕಾಯಲಿ.

ನಿನ್ನ ಅಮ್ಮ,
ಪುರಿಫಿಕಾಸ್ಯೊನ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬರೆಯಲು ಕುಳಿತ ಮುಖ್ಯ ವಿಷಯವೇ ಉಳಿದುಹೋಯಿತು. ನೀನು ಸಹಿ ಹಾಕಿ ಕಳುಹಿಸಿದ ಆ ಕಾಗದದಲ್ಲಿ ಗುಮಾಸ್ತ ನಿನ್ನ ಹೆಸರಿನ ಹಿಂದೆ ‘ಮೇಜರ್’ ಎಂದು ಅಚ್ಚು ಮಾಡಿದ್ದ. ನೀನು ಅದನ್ನು ಹೊಡೆದುಹಾಕಿ, ಮೇಲೆ ‘ಮಗ’ ಎಂದು ಬರೆದಿದ್ದೆ. ನಾನು ನೋಡಿದೆ, ಅನ್ಸೆಲ್ಮೊ. ಪೆಟ್ಟಿಗೆ ಮುಚ್ಚುವ ಮೊದಲು ನಿನ್ನ ಅಪ್ಪನಿಗೂ ಓದಿ ಹೇಳಿದೆ.