ಹೊತ್ತು ಮುಳುಗುವ ಮೊದಲು ಅತ್ತೆಯ ತಟ್ಟೆ

ರಾಜಿ,

ಮಧ್ಯಾಹ್ನದ ಬಸ್ಸಿಗೆ ಮತ್ತೆ ಹಾಸನಕ್ಕೆ ಹೊರಟಿದ್ದೇನೆ. "ನರ್ಸಿಂಗ್ ಹೋಮಿನ ನೆಲ ಕನ್ನಡಿ ಹಂಗೆ ಹೊಳೀತದೆ ಅತ್ತಿಗೆ, ಅಮ್ಮನಿಗೇನೂ ಕಮ್ಮಿಯಿಲ್ಲ" ಅಂದೆಯಲ್ಲ, ನೆಲ ನಿಜಕ್ಕೂ ಹೊಳೆಯುತ್ತದೆ. ಮುರಿದ ಕಾಲಿಗೆ ಕಟ್ಟು ಚೆನ್ನಾಗಿ ಹಾಕಿದ್ದಾರೆ, ಬೆನ್ನಿನಲ್ಲಿ ಹುಣ್ಣಾಗಿಲ್ಲ. ಆದರೆ ಅತ್ತೆ ಇಳಿದುಹೋಗಿದ್ದಾರೆ. ಅಲ್ಲಿ ಊಟ ಬರುವುದು ದೀಪ ಹಚ್ಚಿದ ಮೇಲೆ. ಜೈನರಾದ ನಾವು ಕತ್ತಲಾದ ಮೇಲೆ ಉಣ್ಣುವುದಿಲ್ಲವೆಂದು ಅವರು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಆಯಾ ಬೆಟ್ಟಮ್ಮ ನಿನ್ನೆ ನನ್ನನ್ನೇ ಗದರಿದಳು: "ನಿಮ್ಮತ್ತೇದು ಭಾರೀ ಗತ್ತು ಕಣವ್ವಾ, ದಿನಾ ಸಂಜೆ ತಟ್ಟೆ ಅಂಗೇ ವಾಪಸ್ ಕಳಿಸ್ತಾರೆ!"

ಇವತ್ತಿನಿಂದ ಹೊತ್ತು ಮುಳುಗುವ ಮುಂಚೆಯೇ ಕೊಡುತ್ತೇವೆಂದು ನರ್ಸಮ್ಮ ಮಾತು ಕೊಟ್ಟಿದ್ದಾರೆ. ಹೇಳದೆ ಹೋಗಿ ನೋಡುತ್ತೇನೆ. ಕೊಟ್ಟರೆ, ಕಾಲು ಕೂಡುವ ತನಕ ಅಲ್ಲೇ ಇರಲಿ. ಕೊಡದಿದ್ದರೆ ನಾಳೆಯೇ ಮನೆಗೆ ಕರೆತರುತ್ತೇನೆ. ರಾತ್ರಿ ಅಲ್ಲೇ ಇರುತ್ತೇನೆ, ಗಾಬರಿಯಾಗಬೇಡ.

ನಡುಮನೆಯ ಮಂಚ ಖಾಲಿ ಮಾಡು. ಅದರ ಮೇಲಿನ ನಿನ್ನ ಸೀರೆಗಳ ಗುಡ್ಡೆಯನ್ನು ದಯವಿಟ್ಟು ನೀನೇ ಎತ್ತು.

ಹಿತ್ತಲ ಬಾಗಿಲಿಗೆ ಅಗುಳಿ ಹಾಕು.

ಬೇಳೆಸಾರು ಮುಚ್ಚಿಟ್ಟಿದ್ದೇನೆ. ಅಕ್ಕಪಕ್ಕದವರೊಡನೆ ಮಾತಿಗೆ ನಿಂತು ಹೊತ್ತು ಕಳೆಯಬೇಡ, ಬೆಳಕಿರುವಾಗಲೇ ಉಣ್ಣು.

ನಿನ್ನೆ ಹೊರಡುವಾಗ ಅತ್ತೆ ಕೇಳಿದ್ದು ಒಂದೇ ಮಾತು: "ನೀನು ಸಂಜೆ ಉಣ್ತಿದ್ದೀಯೇನೇ?" ನಿಮ್ಮಣ್ಣ ತೀರಿಹೋದ ಮೇಲೆ ನಾನು ಸಂಜೆ ಊಟಕ್ಕೆ ಕೂತಿಲ್ಲವೆಂದು ಅವರಿಗೆ ಗೊತ್ತು. ಮೊಸರನ್ನ ಇಬ್ಬರಿಗಾಗುವಷ್ಟು ಕಟ್ಟಿಕೊಂಡಿದ್ದೇನೆ. ಅಲ್ಲಿಯ ತಟ್ಟೆ ಬಂದರೂ ಬರದಿದ್ದರೂ, ಇವತ್ತು ಅವರ ಪಕ್ಕ ಕೂತು ನಾನೂ ಉಣ್ಣುತ್ತೇನೆ.

ನಿನ್ನ ಅತ್ತಿಗೆ