ಬಲ್ಬನ್ನು ನೋಡಿದಿರಿ, ಬೆಳಕನ್ನು ನೋಡಲಿಲ್ಲ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ನನ್ನ ಹಳೆಯ ಕಾರಿನ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದು ಅಕ್ರಮವೆಂದು ನೀವು ಕಾರನ್ನು ತಿರಸ್ಕರಿಸಿದಿರಿ. ಆ ಹೆಡ್‌ಲೈಟಿನ ಗೂಡು ಹ್ಯಾಲೋಜನ್ ಬಲ್ಬಿಗಾಗಿ ಹುಟ್ಟಿದ್ದಂತೆ, ಅದರಲ್ಲಿ ಬೇರೆ ಬಲ್ಬ್ ಕೂರುವಂತಿಲ್ಲವಂತೆ. ಹುಟ್ಟು ನೋಡಿ ಯೋಗ್ಯತೆ ಅಳೆಯುವ ನಿಯಮಗಳ ವಿರುದ್ಧ ಜೀವಮಾನವಿಡೀ ಬೀದಿಯಲ್ಲಿ ಕೂಗಿದವನು ನಾನು. ಅದು ಬಲ್ಬಿನವರೆಗೂ ಇಳಿದು ಬರುತ್ತದೆಂದು ಎಣಿಸಿರಲಿಲ್ಲ. ಮನೆಯಲ್ಲಿ ನಾನೊಬ್ಬನೇ. ಗೋಡೆಗೆ ಹೇಳಿದರೆ ಗೋಡೆ ಎಲ್ಲಕ್ಕೂ ಒಪ್ಪಿಬಿಡುತ್ತದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅಂದು ನೀವು ಬಾನೆಟ್ ಎತ್ತಿಸಿ, ಬಲ್ಬಿನ ಬೆನ್ನಿಗೆ ಟಾರ್ಚ್ ಬಿಟ್ಟು, "ಎಲ್‌ಇಡಿ. ಆಗಲ್ಲ, ತೆಗೆಸ್ಕೊಂಡು ಬನ್ನಿ" ಎಂದಿರಿ. "ಒಂದ್ಸಲ ಲೈಟ್ ಹಾಕಿ ನೋಡಿ ಸಾರ್" ಎಂದೆ. "ಹಾಕೋದೇನ್ರೀ, ಎದುರಿಗೇ ಕಾಣ್ತಿದೆಯಲ್ಲ!" ದೀಪ ಹಚ್ಚದೆಯೇ ದೀಪದ ಮೇಲೆ ತೀರ್ಪು! ಬೆಳಕು ಎಷ್ಟು ಎತ್ತರಕ್ಕೆ ಹೋಗುತ್ತದೆ, ಎದುರಿನವನ ಕಣ್ಣಿಗೆ ಬಡಿಯುತ್ತದೆಯೇ ಎಂದು ಅಳೆಯುವ ಯಂತ್ರ ನಿಮ್ಮ ಹಿಂದೆಯೇ ನಿಂತಿತ್ತು. ಅದಕ್ಕೆ ಬಟ್ಟೆ ಹೊದಿಸಿ, ಮೇಲೆ ಯಾರದೋ ಊಟದ ಡಬ್ಬಿ ಇಟ್ಟಿದ್ದಿರಿ. ಯಂತ್ರಕ್ಕೆ ಚಳಿಯೇ ಸ್ವಾಮಿ?

ನಿಮ್ಮ ಗೇಟಿನ ಹೊರಗೊಬ್ಬ ಅಂಗಡಿಯವನಿದ್ದಾನೆ. ಅವನ ವ್ಯಾಪಾರವೇ ಹಳದಿ ಬೆಳಕಿನ ಹ್ಯಾಲೋಜನ್ ಬಲ್ಬುಗಳನ್ನು ಬಾಡಿಗೆಗೆ ಕೊಡುವುದು.

"ಹಾಕ್ಕೊಂಡು ಒಳಗೆ ಹೋಗಿ ಬನ್ನಿ ಯಜಮಾನ್ರೇ. ಪಾಸಾದ್ಮೇಲೆ ವಾಪಸ್ ಕೊಡಿ, ನಿಮ್ಮದನ್ನ ನಾನೇ ಕೂರಿಸ್ಕೊಡ್ತೀನಿ."

"ಒಳಗಿನವರಿಗೆ ಗೊತ್ತಾಗಲ್ವೇನಪ್ಪ?"

"ಒಳಗಿನವರಿಗಾ? ಅವರ ಗಾಡಿಗೂ ನಮ್ಮಲ್ಲೇ ಬಾಡಿಗೆ!"

ನಕ್ಕುಬಿಟ್ಟೆ. ಆದರೆ ಬಾಡಿಗೆ ಬಲ್ಬ್ ಹಾಕಲಿಲ್ಲ. ಸುಳ್ಳು ನಿಯಮವನ್ನು ಸುಳ್ಳಿನಿಂದ ದಾಟಿದರೆ ಆ ನಿಯಮ ಸಾಯುವುದಿಲ್ಲ, ಕೊಬ್ಬುತ್ತದೆ. ನಿಜವಾದ ಹಳದಿ ಬಲ್ಬನ್ನೇ ಕೊಂಡು ಹಾಕಿಸಿ, ಪಾಸಾಗಿ, ಹಾಗೆಯೇ ಮನೆಗೆ ಬಂದೆ. ನಿಮ್ಮ ಇಡೀ ಅಂಗಳದಲ್ಲಿ ಅಂಥ ಮೂರ್ಖ ನಾನೊಬ್ಬನೇ ಇರಬೇಕು.

ನಿಯಮಕ್ಕೆ ಕಾರಣವೇ ಇಲ್ಲ ಎನ್ನುವಷ್ಟು ದಡ್ಡನಲ್ಲ ನಾನು. ತಪ್ಪಾಗಿ ಕೂತ ಎಲ್‌ಇಡಿ ಎದುರು ಬರುವವನನ್ನು ಕ್ಷಣಕಾಲ ಕುರುಡನನ್ನಾಗಿಸುತ್ತದೆ. ಹಾಕಿಸಿದ ದಿನ ನನ್ನ ಕಾರಿನ ಮುಂದೆ ನಾನೇ ನಿಂತು ನೋಡಿದೆ, ಕಣ್ಣು ಕುಕ್ಕಿತು. ಮೆಕ್ಯಾನಿಕ್ಕಿನ ಬೆನ್ನು ಬಿದ್ದು, ಬೆಳಕು ನೆಲಕ್ಕೆ ಇಳಿಯುವವರೆಗೂ ತಿದ್ದಿಸಿದೆ. ನೀವು ಅಳೆಯಬೇಕಾದದ್ದು ಅದನ್ನಲ್ಲವೇ? ಶೋರೂಮಿನಿಂದಲೇ ಎಲ್‌ಇಡಿ ಹೊತ್ತು ಬಂದ ಹೊಸ ಕಾರುಗಳು ದಿನವೂ ನನ್ನ ಕಣ್ಣಿಗೆ ಸುಣ್ಣ ಬಳಿದು ಹೋಗುತ್ತವೆ. ಅದು ಸಕ್ರಮ ಕುರುಡೇ?

ಈ ವಯಸ್ಸಿನಲ್ಲಿ ಬಿಳಿ ದೀಪದ ಶೋಕಿ ಯಾಕೆ ಎನ್ನುತ್ತೀರಿ. ಹೇಳುತ್ತೇನೆ. ಊರಂಚಿನ ಏರುಬೀದಿಯ ಒಂಟಿ ಕೋಣೆಯಲ್ಲಿ ನನ್ನ ಅಕ್ಕ ಇದ್ದಾಳೆ. ಗಿರಣಿಯ ಗೇಟಿನಲ್ಲಿ ನನಗೆ ಮೊದಲ ಘೋಷಣೆ ಕೂಗಲು ಕಲಿಸಿದವಳು. ಅಂದಿನ ಮೆರವಣಿಗೆಯಲ್ಲಿ ಇಂದು ಉಳಿದವರು ನಾವಿಬ್ಬರೇ. ಅವಳಿಗೀಗ ಮುಖ ಕಾಣದು, ಬೆಳಕಷ್ಟೇ ಕಾಣುತ್ತದೆ. ಫೋನಿನಲ್ಲಿ ಮಾತು ಕೇಳಿಸದು. ಸಂಜೆ ಕಿಟಕಿಯ ಬಳಿ ಕೂತಿರುತ್ತಾಳೆ. ಆ ಬೀದಿಗೆ ಹೊಸ ಕಾರುಗಳು ಬರುವುದಿಲ್ಲ. ಬೀದಿದೀಪಗಳೆಲ್ಲ ಹಳದಿ, ಅವುಗಳ ನಡುವೆ ಬಿಳಿ ಬೆಳಕು ತಿರುವಿನಲ್ಲಿ ಕಂಡರೆ ಅದು ತಮ್ಮ. ಎದ್ದು ತಲೆ ಬಾಚಿ, ಗೋಡೆ ಹಿಡಿದು ಬಾಗಿಲಿಗೆ ಬಂದು, "ಬಂದ್ಯೇನೋ ಕತ್ತೆ?" ಎನ್ನುತ್ತಿದ್ದಳು. ನನ್ನನ್ನು ಕತ್ತೆ ಎನ್ನುವ ಹಕ್ಕಿದ್ದವರು ಈ ಲೋಕದಲ್ಲಿ ಬೇರೆ ಯಾರೂ ಉಳಿದಿಲ್ಲ ಸ್ವಾಮಿ.

ನಿಮ್ಮಲ್ಲಿ ಪಾಸಾದ ಸಂಜೆ ನನ್ನ ಹಳದಿ ಬೆಳಕು ಬೀದಿಯ ಹಳದಿಯಲ್ಲಿ ಕರಗಿಹೋಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ತಟ್ಟಿದೆ, ಮತ್ತೆ ತಟ್ಟಿದೆ.

"ಯಾರದು?"

"ನಾನು ಕಣಕ್ಕ, ಕತ್ತೆ."

ತಡವಾಗಿ ಬಾಗಿಲು ತೆರೆಯಿತು. ತಲೆ ಕೆದರಿತ್ತು. "ನೀನು ಬರಲ್ಲ ಅಂತ ಮಲ್ಕೊಂಡ್ಬಿಟ್ಟೆ ಕಣೋ. ನಿನ್ನ ಬಿಳಿ ದೀಪ ಎಲ್ಲಿ?"

"ಆಫೀಸಿನವರು ಬೇಡ ಅಂದ್ರು."

ಅವಳು ನನ್ನ ಮುಖ ಇರುವ ಕಡೆಗೆ ತಿರುಗಿ ಕೇಳಿದಳು: "ಅಂದ್ರು. ನೀನು ಒಪ್ಕೊಂಡ್ಬಿಟ್ಯಾ?"

ಒಪ್ಪಿಲ್ಲ ಎಂದು ಅವಳಿಗೆ ತಿಳಿಸಲು ನಿಮಗೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಇಷ್ಟೇ: ಆ ಡಬ್ಬಿ ಎತ್ತಿಡಿ, ಬಟ್ಟೆ ಸರಿಸಿ, ಯಂತ್ರವನ್ನು ಅಂಗಳಕ್ಕೆ ಎಳೆದು ತನ್ನಿ. ನನ್ನ ಬಿಳಿ ದೀಪ ಹಚ್ಚಿ, ಎಲ್ಲರೆದುರು ಅಳೆಯಿರಿ. ಒಬ್ಬನ ಕಣ್ಣಿಗಾದರೂ ಬಡಿದರೆ ನಾನೇ ಕಿತ್ತು ನಿಮ್ಮ ಮೇಜಿನ ಮೇಲಿಡುತ್ತೇನೆ. ಬಡಿಯದಿದ್ದರೆ ಹಳೆಯ ಕಾರಿಗೂ ಆ ಬೆಳಕು ಸಲ್ಲುತ್ತದೆ ಎಂದು ಬರೆದು ಸಹಿ ಹಾಕಿ. ಬೇಗ ಹಾಕಿ. ಅಲ್ಲಿಯವರೆಗೆ ಅವಳು ಕಿಟಕಿಯಲ್ಲಿ ಕೂತೇ ಇರುತ್ತಾಳೆ, ನಾನು ಅವಳ ಕಣ್ಣೆದುರೇ ಬರುತ್ತಿರುತ್ತೇನೆ.

ಇಂತಿ,
ಬಂದರೂ ಅಕ್ಕನಿಗೆ ಕಾಣದ ಒಬ್ಬ ತಮ್ಮ